ಹಳ್ಳದಂಚಿನ ಮನೆ, ವಾಷಿಂಗ್ಟನ್ನಿನ ವಿಮೆ

2022ರ ಜುಲೈ 28ರಂದು ಅಮೆರಿಕದ ಕೆಂಟಕಿ ರಾಜ್ಯದ ವೈಟ್ಸ್‌ಬರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ ನದಿಯ ಮಟ್ಟ ಅಳೆಯುವ ಮಾಪಕ 20.9 ಅಡಿ ತೋರಿಸಿ ಕೆಟ್ಟು ನಿಂತಿತು. ಅಲ್ಲಿ ಅದಕ್ಕೆ ಮೊದಲು ದಾಖಲಾಗಿದ್ದ ಅತಿ ಹೆಚ್ಚಿನ ಮಟ್ಟ 14.7 ಅಡಿ, ಅದೂ 1957ರಲ್ಲಿ. ಐದು ದಿನಗಳಲ್ಲಿ ಕೆಲವೆಡೆ 14ರಿಂದ 16 ಇಂಚು ಮಳೆ ಸುರಿದಿತ್ತು. ಆಗುಂಬೆಯ ಆಷಾಢ ಕಂಡವರಿಗೆ ಇದೇನು ಮಹಾ ಎನಿಸಬಹುದು. ಆದರೆ ಆಗುಂಬೆಯ ನೀರಿಗೆ ಹರಿದು ಹೋಗುವ ದಾರಿ ಗೊತ್ತು. ಪೂರ್ವ ಕೆಂಟಕಿಯ ಇಕ್ಕಟ್ಟಾದ ಕಣಿವೆಗಳಲ್ಲಿ ಆ ದಾರಿಯ ಮೇಲೆಯೇ ಮನೆಗಳಿವೆ. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮನೆಗಳಿಗೆ ನೀರು ನುಗ್ಗಿತು, ನೂರಾರು ಮನೆಗಳು ತಳಪಾಯ ಸಮೇತ ಕೊಚ್ಚಿಹೋದವು.

ಆ ಮನೆಗಳಲ್ಲಿ ನೆರೆ ವಿಮೆ ಇದ್ದದ್ದು ಬೆರಳೆಣಿಕೆಯಷ್ಟಕ್ಕೆ. ಜಗತ್ತಿನಲ್ಲೇ ದೊಡ್ಡದೆನಿಸಿದ ಸರ್ಕಾರಿ ನೆರೆ ವಿಮಾ ಯೋಜನೆ ಇರುವ ದೇಶದಲ್ಲಿ, ನೆರೆ ಪದೇಪದೇ ಬರುವ ಊರುಗಳಲ್ಲೇ ಹೀಗಾಗಿದ್ದು ಹೇಗೆ? ಸಿಕ್ಕ ಉತ್ತರಗಳಲ್ಲಿ ಸುಲಭದ್ದು, ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂಬುದು. ಅದು ಅಷ್ಟಾಗಿ ನಂಬತಕ್ಕದ್ದಲ್ಲ. ಲೆಚರ್, ನಾಟ್, ಪೆರಿ, ಬ್ರೆಥಿಟ್ ಕೌಂಟಿಗಳ ಜನರಿಗೆ ತಮ್ಮ ಹಳ್ಳದ ಗುಣ ಚೆನ್ನಾಗಿ ಗೊತ್ತು. ಬ್ರೆಥಿಟ್‌ನಲ್ಲಿ ಹಿಂದಿನ ವರ್ಷದ ಮಾರ್ಚ್‌ನಲ್ಲಿಯೂ ನೆರೆ ಬಂದಿತ್ತು. ಅವರು ವಿಮೆ ಕೊಳ್ಳದಿರುವುದಕ್ಕೆ ಅವರದೇ ಲೆಕ್ಕಾಚಾರವಿದೆ, ಮತ್ತು ಯೋಜನೆಯನ್ನು ಕಟ್ಟಿದ ಬಗೆಯೂ ಆ ಲೆಕ್ಕಾಚಾರಕ್ಕೆ ಒತ್ತಾಸೆಯಾಗಿದೆ.

ಮೊದಲು ಒಂದು ಮೂಲಭೂತ ಸಂಗತಿ. ಅಮೆರಿಕದಲ್ಲಿ ಮನೆಯ ಸಾಮಾನ್ಯ ವಿಮೆ ಬೆಂಕಿಗೆ, ಗಾಳಿಗೆ, ಕಳ್ಳತನಕ್ಕೆ ಹಣ ಕೊಡುತ್ತದೆ. ಗೋಡೆಯೊಳಗಿನ ಪೈಪು ಒಡೆದು ನೀರು ಹರಿದರೂ ಕೊಡುತ್ತದೆ. ಹೊರಗಿನ ಹಳ್ಳ ಉಕ್ಕಿ ಒಳಗೆ ಬಂದರೆ ಚಿಕ್ಕಾಸೂ ಇಲ್ಲ. ಅದಕ್ಕೆ ಬೇರೆಯದೇ ಪಾಲಿಸಿ ಬೇಕು. ಕತ್ರೀನಾ ಚಂಡಮಾರುತದ ನಂತರ ಮಿಸಿಸಿಪಿಯ ಕರಾವಳಿಯಲ್ಲಿ ಮನೆ ಬಿದ್ದದ್ದು ಗಾಳಿಗೋ ನೀರಿಗೋ ಎಂದು ವರ್ಷಗಟ್ಟಲೆ ಕೋರ್ಟುಗಳಲ್ಲಿ ಜಗ್ಗಾಟ ನಡೆದದ್ದು ಇದೇ ಕಾರಣಕ್ಕೆ. ಭಾರತದ ಪದ್ಧತಿ ಬೇರೆ: 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿಯ ಜೊತೆಗೇ ನೆರೆಯೂ ಸೇರಿದೆ. ಬೆಂಗಳೂರಿನಿಂದ ಹೋಗಿ ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಕೊಳ್ಳುವ ಕನ್ನಡಿಗರು, ಮನೆಗೆ ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ.

ಖಾಸಗಿ ಕಂಪನಿಗಳು ನೆರೆಯನ್ನು ಕೈಬಿಟ್ಟದ್ದು 1927ರಲ್ಲಿ ಮಿಸಿಸಿಪಿ ನದಿ ಉಕ್ಕಿದ ಮೇಲೆ. ಬೆಂಕಿ ಒಂದು ಮನೆಗೆ ಬೀಳುತ್ತದೆ. ನೆರೆ ಊರನ್ನೇ ಒಟ್ಟಿಗೆ ನುಂಗುತ್ತದೆ. ಅಲ್ಲದೆ ವಿಮೆ ಕೇಳಿಕೊಂಡು ಬರುವವರು ನದಿಯಂಚಿನವರು ಮಾತ್ರ. ಇಂಥ ವ್ಯಾಪಾರದಲ್ಲಿ ಲಾಭ ಎಲ್ಲಿಂದ? 1956ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು, ಆದರೆ ಅದಕ್ಕೆ ದುಡ್ಡು ಒದಗಿಸಲಿಲ್ಲ. 1965ರಲ್ಲಿ ಬೆಟ್ಸಿ ಚಂಡಮಾರುತ ಲೂಸಿಯಾನಾವನ್ನು ಮುಳುಗಿಸಿದ ನಂತರ ಮತ್ತೆ ಚರ್ಚೆ ಎದ್ದಿತು, 1968ರಲ್ಲಿ ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ ರಾಷ್ಟ್ರೀಯ ನೆರೆ ವಿಮಾ ಕಾರ್ಯಕ್ರಮ ಹುಟ್ಟಿತು. ಕರಾರು ಹೀಗಿತ್ತು: ಊರು ಅಥವಾ ಕೌಂಟಿ ತನ್ನ ತಗ್ಗುಪ್ರದೇಶದಲ್ಲಿ ಮನೆ ಕಟ್ಟುವುದಕ್ಕೆ ನಿಯಮ ಮಾಡಬೇಕು, ಪ್ರತಿಯಾಗಿ ಅಲ್ಲಿನವರಿಗೆ ಕೇಂದ್ರ ಸರ್ಕಾರ ವಿಮೆ ಮಾರುತ್ತದೆ.

ಆ ಕಾಲದಲ್ಲೇ ಎಚ್ಚರಿಕೆಯ ಮಾತು ಆಡಿದವರಲ್ಲಿ ಮುಖ್ಯರು ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್. ಅಣೆಕಟ್ಟು, ಒಡ್ಡುಗಳನ್ನು ಕಟ್ಟಿದಷ್ಟೂ ಜನ ಧೈರ್ಯದಿಂದ ತಗ್ಗಿಗೆ ಇಳಿದು ಮನೆ ಕಟ್ಟುತ್ತಾರೆ, ಕೊನೆಗೆ ನಷ್ಟ ಹೆಚ್ಚುತ್ತದೆ ಎಂದು ಅವರು 1940ರ ದಶಕದಿಂದಲೂ ವಾದಿಸುತ್ತಿದ್ದರು. 1966ರಲ್ಲಿ ಅವರ ಅಧ್ಯಕ್ಷತೆಯ ತಂಡ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ವಿಮೆಯ ಬಗ್ಗೆಯೂ ಅದೇ ಆತಂಕವಿತ್ತು: ಸರಿಯಾಗಿ ನಡೆಸದಿದ್ದರೆ ವಿಮೆಯೇ ಜನರನ್ನು ಅಪಾಯದ ನೆಲದಲ್ಲಿ ಉಳಿಸಬಹುದು. ಅವರು ಹೇಳಿದ್ದು ಅರ್ಧ ನಿಜವಾಯಿತು. ಕರಾವಳಿಯ ಶ್ರೀಮಂತರ ಮನೆಗಳಿಗೆ ಕಡಿಮೆ ಕಂತಿನ ವಿಮೆ ದಶಕಗಟ್ಟಲೆ ಸಿಕ್ಕಿತು. ಒಂದೇ ಮನೆ ನಾಲ್ಕೈದು ಸಲ ಮುಳುಗಿ ನಾಲ್ಕೈದು ಸಲ ಪರಿಹಾರ ಪಡೆದ ಉದಾಹರಣೆಗಳಿವೆ. ಒಳನಾಡಿನ ಬೆಟ್ಟದ ಕೌಂಟಿಗಳಲ್ಲಿ ಆದದ್ದು ಬೇರೆ. ಅಲ್ಲಿ ಜನ ವಿಮೆಯಿಲ್ಲದೆಯೇ ಅಪಾಯದ ನೆಲದಲ್ಲಿ ಉಳಿದರು.

ಕಾರ್ಯಕ್ರಮ ಶುರುವಾದಾಗ ವಿಮೆ ಕೊಳ್ಳುವುದು ಐಚ್ಛಿಕವಾಗಿತ್ತು, ಹಾಗಾಗಿ ಕೊಂಡವರು ತೀರಾ ಕಡಿಮೆ. 1972ರ ಆಗ್ನೆಸ್ ಚಂಡಮಾರುತ ಪೆನ್ಸಿಲ್ವೇನಿಯಾವನ್ನು ಹಾಳುಗೆಡವಿದಾಗ ಇದು ಬಯಲಾಯಿತು. ಮರುವರ್ಷವೇ ಹೊಸ ಕಾಯಿದೆ ಬಂತು: ಅಪಾಯದ ವಲಯದ ಮನೆಗೆ ಕೇಂದ್ರದ ನಿಯಂತ್ರಣಕ್ಕೊಳಪಟ್ಟ ಬ್ಯಾಂಕು ಸಾಲ ಕೊಡಬೇಕಾದರೆ ನೆರೆ ವಿಮೆ ಕಡ್ಡಾಯ. ಇಂದಿಗೂ ಇಡೀ ವ್ಯವಸ್ಥೆಯ ಆಧಾರಸ್ತಂಭ ಈ ನಿಯಮವೇ. ಸುಮಾರು 47 ಲಕ್ಷ ಪಾಲಿಸಿಗಳಲ್ಲಿ ಬಹುಪಾಲು ಬ್ಯಾಂಕಿನ ಒತ್ತಾಯಕ್ಕೆ ಅಥವಾ ಸಮುದ್ರದ ಭಯಕ್ಕೆ ಕೊಂಡವು.

ಸಾಲವೇ ಇಲ್ಲದವರನ್ನು ಒತ್ತಾಯಿಸುವವರು ಯಾರು? ಬಡ ಗ್ರಾಮೀಣ ಕೌಂಟಿಗಳ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಅಜ್ಜ ಕಟ್ಟಿದ ಮನೆ, ಅಪ್ಪ ಕೊಟ್ಟ ಜಾಗದಲ್ಲಿ ತಂದು ನಿಲ್ಲಿಸಿದ ಟ್ರೇಲರ್ ಮನೆ, ಅಣ್ಣತಮ್ಮಂದಿರ ಹೆಸರಿಗೆ ಎಂದೂ ಭಾಗವಾಗದ ಜಮೀನು: ಅಪಲಾಚಿಯಾ ಬೆಟ್ಟಸಾಲಿನಲ್ಲಿ ಇವು ಎಲ್ಲೆಲ್ಲೂ ಇವೆ. ಅಡಮಾನವಿಲ್ಲ, ಆದ್ದರಿಂದ ಬ್ಯಾಂಕಿಲ್ಲ. ಬ್ಯಾಂಕಿಲ್ಲ, ಆದ್ದರಿಂದ ವಿಮೆಯಿಲ್ಲ. ಸಾಲವಿಲ್ಲದ ಮನೆ ಎಂಬ ಹೆಮ್ಮೆಯೇ ಅಲ್ಲಿ ಅತಿ ದೊಡ್ಡ ಅಪಾಯವಾಗಿ ನಿಲ್ಲುತ್ತದೆ, ಏಕೆಂದರೆ ಆ ಕುಟುಂಬದ ಇಡೀ ಆಸ್ತಿ ಅದೊಂದೇ.

ಇನ್ನು ನಕ್ಷೆ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ, ಯಾವುದೇ ವರ್ಷ ನೂರಕ್ಕೆ ಒಂದು ಪಾಲು ನೆರೆಯ ಸಾಧ್ಯತೆ ಇರುವ ಜಾಗವನ್ನು ಅಪಾಯದ ವಲಯ ಎಂದು ಗುರುತಿಸುತ್ತದೆ. ಒಂದು ಪಾಲು ಎಂದರೆ ಸಣ್ಣದಾಗಿ ಕೇಳುತ್ತದೆ. 30 ವರ್ಷದ ಗೃಹಸಾಲದ ಅವಧಿಗೆ ಹಿಡಿದರೆ ಅದು ನೂರಕ್ಕೆ 26 ಆಗುತ್ತದೆ. ವಲಯದೊಳಗಿದ್ದರೆ ಎ ಅಥವಾ ಎಇ, ಹೊರಗಿದ್ದರೆ ಎಕ್ಸ್. ಮನೆ ತೋರಿಸುವ ದಲ್ಲಾಳಿ ‘ಇದು ಝೋನ್ ಎಕ್ಸ್, ಏನೂ ಚಿಂತೆಯಿಲ್ಲ’ ಎನ್ನುತ್ತಾನೆ. ಹಾಗೆ ಚಿಂತೆ ಬಿಟ್ಟವರ ಸಂಖ್ಯೆ ದೊಡ್ಡದು. ಫೆಮಾದ ಲೆಕ್ಕದಲ್ಲೇ 2014ರಿಂದ 2018ರ ನಡುವೆ ಬಂದ ಪರಿಹಾರದ ಅರ್ಜಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಹೆಚ್ಚಿನ ಅಪಾಯದ ವಲಯದ ಹೊರಗಿನವು.

ನಕ್ಷೆ ನದಿ ಉಕ್ಕುವುದನ್ನು, ಸಮುದ್ರ ಏರುವುದನ್ನು ನೋಡುತ್ತದೆ. ಮೋಡ ಒಡೆದು ಗುಡ್ಡದಿಂದ ನೇರ ಹರಿದು ಬರುವ ನೀರನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಒಂದು ಚದರ ಮೈಲಿಗಿಂತ ಕಡಿಮೆ ಜಲಾನಯನ ಇರುವ ಹಳ್ಳಗಳು ಬಹುಮಟ್ಟಿಗೆ ನಕ್ಷೆಗೇ ಬರುವುದಿಲ್ಲ. ಜನ ವಿರಳವಾದ ಕೌಂಟಿಗಳಲ್ಲಿ ವಲಯ ಗುರುತಿಸಿದ್ದರೂ ನೀರು ಎಷ್ಟು ಅಡಿ ಏರಬಹುದೆಂಬ ಲೆಕ್ಕವನ್ನೇ ಎಷ್ಟೋ ಕಡೆ ಮಾಡಿರುವುದಿಲ್ಲ. ಆ ಲೆಕ್ಕ ಬೇಕಾದರೆ ಸರ್ವೇಯರ್ ಬರಬೇಕು, ಎಂಜಿನಿಯರ್ ಬರಬೇಕು, ಖರ್ಚು ಮನೆಯವರದು. 2020ರಲ್ಲಿ ಫಸ್ಟ್ ಸ್ಟ್ರೀಟ್ ಫೌಂಡೇಶನ್ ಎಂಬ ಸಂಶೋಧನಾ ಸಂಸ್ಥೆ ಮಳೆಯ ನೀರನ್ನೂ ಸಣ್ಣ ಹಳ್ಳಗಳನ್ನೂ ಸೇರಿಸಿ ದೇಶದ ಲೆಕ್ಕ ತೆಗೆಯಿತು. ಫೆಮಾದ ನಕ್ಷೆಯಲ್ಲಿ 87 ಲಕ್ಷ ಆಸ್ತಿಗಳು ಅಪಾಯದಲ್ಲಿದ್ದರೆ ಇವರಿಗೆ ಸಿಕ್ಕಿದ್ದು 1 ಕೋಟಿ 46 ಲಕ್ಷ. ಎರಡೂ ಮಾದರಿಗಳಿಗೆ ಅವುಗಳದೇ ಮಿತಿಗಳಿವೆ, ಆದರೆ ಹೆಚ್ಚುವರಿ ಸಂಖ್ಯೆಯಲ್ಲಿ ಬೆಟ್ಟದ ಕೌಂಟಿಗಳ ಪಾಲು ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಇದಕ್ಕೆ ಸಾಕ್ಷಿ ಒದಗಿಸಿತು. ಫ್ಲಾರಿಡಾದ ಕರಾವಳಿಗೆ ಅಪ್ಪಳಿಸಿದ ಅದು ನೂರಾರು ಮೈಲಿ ಒಳಗೆ ಬಂದು ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟಗಳ ಮೇಲೆ ಸುರಿಯಿತು. ಸಮುದ್ರ ಕಾಣದ ಊರುಗಳವು. ಆಶ್‌ವಿಲ್ ಇರುವ ಬಂಕಂ ಕೌಂಟಿಯಲ್ಲಿ ನೂರಕ್ಕೆ ಒಂದು ಮನೆಗೂ ಸರ್ಕಾರದ ನೆರೆ ವಿಮೆ ಇರಲಿಲ್ಲ. ನಕ್ಷೆಯ ಗೆರೆಯನ್ನು ಅರ್ಜಿ ಹಾಕಿ ಸರಿಸುವುದಕ್ಕೂ ದಾರಿಯಿದೆ. ಕಟ್ಟಡದ ಪಕ್ಕದ ನೆಲ ಗೊತ್ತುಪಡಿಸಿದ ನೆರೆಮಟ್ಟಕ್ಕಿಂತ ಎತ್ತರವಿದೆ ಎಂದು ಸರ್ವೇ ಕಾಗದ ತೋರಿಸಿದರೆ ಫೆಮಾ ಆ ಕಟ್ಟಡವನ್ನು ವಲಯದಿಂದ ಬಿಡುತ್ತದೆ. 2025ರ ಜುಲೈ 4ರಂದು ಟೆಕ್ಸಸ್‌ನ ಕೆರ್ ಕೌಂಟಿಯಲ್ಲಿ ಗ್ವಾಡಲೂಪೆ ನದಿ ಮಕ್ಕಳ ಬೇಸಿಗೆ ಶಿಬಿರವೊಂದನ್ನು ಕೊಚ್ಚಿದಾಗ, ಅಲ್ಲಿನ ಹಲವು ಕಟ್ಟಡಗಳು ಹೀಗೆ ಮೊದಲೇ ವಲಯದಿಂದ ಹೊರಬಂದಿದ್ದವು ಎಂಬುದು ಪತ್ರಿಕೆಗಳಿಂದ ಹೊರಬಿತ್ತು. ಕಾನೂನಿನಲ್ಲಿ ತಪ್ಪಿಲ್ಲದ ಕೆಲಸ. ನದಿ ಆ ಕಾಗದವನ್ನು ಓದಿರಲಿಲ್ಲ ಅಷ್ಟೆ.

ವಲಯದ ಹೊರಗಿನವನೂ ಪಾಲಿಸಿ ಕೊಳ್ಳಬಹುದು, ತಡೆಯಿಲ್ಲ. ಕೊಂಡರೆ ಸಿಗುವುದೇನು? ಕಟ್ಟಡಕ್ಕೆ ಹೆಚ್ಚೆಂದರೆ 2.5 ಲಕ್ಷ ಡಾಲರ್, ಒಳಗಿನ ಸಾಮಾನಿಗೆ 1 ಲಕ್ಷ ಡಾಲರ್. 1994ರಲ್ಲಿ ನಿಗದಿಯಾದ ಈ ಮಿತಿ ಇನ್ನೂ ಏರಿಲ್ಲ. ಸಾಮಾನಿನ ವಿಮೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ನೆಲಮಾಳಿಗೆಯಲ್ಲಿ ಇಟ್ಟ ಸೋಫಾ, ಟಿವಿಗಳಿಗೆ ಬಹುತೇಕ ಏನೂ ಸಿಗದು. ಮನೆ ರಿಪೇರಿಯಾಗುವವರೆಗೆ ಬೇರೆ ಕಡೆ ಇರುವ ಬಾಡಿಗೆಯನ್ನು ಈ ಪಾಲಿಸಿ ಕೊಡುವುದಿಲ್ಲ. ಗುಡ್ಡ ಕುಸಿದರೆ ಇಲ್ಲ, ಕೆಸರು ನೀರಾಗಿ ಹರಿದು ಬಂದರೆ ಉಂಟು. ಬೆಟ್ಟದ ತಪ್ಪಲಿನಲ್ಲಿ ಬೆಳಗಾಗುವಾಗ ಮನೆಯೊಳಗೆ ಕೂತಿರುವುದು ಇವೆರಡರಲ್ಲಿ ಯಾವುದೆಂದು ಹೇಳುವ ಹೊಣೆ ನಷ್ಟದ ಅಂದಾಜು ಮಾಡಲು ಬಂದವನದು.

ಜೊತೆಗೆ ಮೂವತ್ತು ದಿನ ಕಾಯಬೇಕು. ಇವತ್ತು ದುಡ್ಡು ಕಟ್ಟಿದರೆ ಪಾಲಿಸಿ ಜಾರಿಗೆ ಬರುವುದು ಒಂದು ತಿಂಗಳ ನಂತರ. ಈ ನಿಯಮದ ಹಿಂದೆ ಒಂದು ಸ್ವಾರಸ್ಯವಿದೆ. ಮೊದಲು ಕಾಯುವ ಅವಧಿ ಐದೇ ದಿನ ಇತ್ತು. 1993ರ ಬೇಸಿಗೆಯಲ್ಲಿ ಮಿಸಿಸಿಪಿ, ಮಿಸೌರಿ ನದಿಗಳು ನಿಧಾನವಾಗಿ ಉಬ್ಬುತ್ತಾ ಕೆಳಗಿನ ಊರುಗಳತ್ತ ಬರುತ್ತಿದ್ದಾಗ, ನೀರು ಯಾವ ದಿನ ಮುಟ್ಟುತ್ತದೆಂದು ಸುದ್ದಿಯಲ್ಲಿ ಕೇಳಿಕೊಂಡೇ ಜನ ಪಾಲಿಸಿ ಕೊಂಡರು. ಮರುವರ್ಷ ಸಂಸತ್ತು ಐದನ್ನು ಮೂವತ್ತಕ್ಕೆ ಏರಿಸಿತು. ದೊಡ್ಡ ನದಿಯ ದಂಡೆಯವರ ಜಾಣತನಕ್ಕೆ ಹಾಕಿದ ಬೀಗ ಬೆಟ್ಟದ ಹಳ್ಳದವರಿಗೂ ಬಿತ್ತು. ಅವರಿಗೆ ನೆರೆಯ ಮುನ್ಸೂಚನೆ ಸಿಗುವುದು ಗಂಟೆಗಳ ಲೆಕ್ಕದಲ್ಲಿ.

ಇಷ್ಟೆಲ್ಲದರ ಬೆಲೆಯೆಷ್ಟು? 2021ರ ಅಕ್ಟೋಬರ್‌ನಿಂದ ಫೆಮಾ ಹೊಸ ದರಪದ್ಧತಿ ತಂದಿದೆ, ಅದಕ್ಕೆ ರಿಸ್ಕ್ ರೇಟಿಂಗ್ 2.0 ಎಂದು ಹೆಸರು. ಹಿಂದೆ ವಲಯ ನೋಡಿ ಕಂತು ಹೇಳುತ್ತಿದ್ದರು. ಈಗ ಮನೆ ನೀರಿಗೆ ಎಷ್ಟು ದೂರ, ನೆಲಗಟ್ಟು ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟು ಖರ್ಚು ಎಂಬುದನ್ನೆಲ್ಲ ಕೂಡಿಸಿ ಒಂದೊಂದು ಮನೆಗೂ ಬೇರೆ ಕಂತು. ನ್ಯಾಯದ ದೃಷ್ಟಿಯಿಂದ ಇದು ಮೇಲು. ಸಣ್ಣ ಮನೆಯವನು ಸಮುದ್ರದಂಚಿನ ಬಂಗಲೆಯವನ ಪಾಲನ್ನು ಹೊರುವುದು ತಪ್ಪುತ್ತದೆ. ಬದಲಾವಣೆಯ ಮೊದಲ ವರ್ಷ ನೂರಕ್ಕೆ 23 ಪಾಲಿಸಿದಾರರಿಗೆ ಕಂತು ಇಳಿಯುತ್ತದೆಂದು ಫೆಮಾ ಹೇಳಿತು. ಉಳಿದವರಿಗೆ ಏರಿಕೆ, ಕಾನೂನಿನ ಪ್ರಕಾರ ವಾಸದ ಮನೆಗೆ ವರ್ಷಕ್ಕೆ ಹೆಚ್ಚೆಂದರೆ ನೂರಕ್ಕೆ 18. ಆದರೆ ಈ ಮಿತಿ ಹಳೆಯ ಗಿರಾಕಿಗೆ. ಹೊಸದಾಗಿ ಬರುವವನು ಮೊದಲ ದಿನವೇ ಪೂರ್ತಿ ಬೆಲೆ ತೆರಬೇಕು. ವಿಮೆಯಿಲ್ಲದ ಊರುಗಳಲ್ಲಿ ಎಲ್ಲರೂ ಹೊಸಬರೇ. 2023ರಲ್ಲಿ ಲೂಸಿಯಾನಾ ಮುಂದಾಳತ್ವದಲ್ಲಿ ಹತ್ತು ರಾಜ್ಯಗಳು ಈ ಪದ್ಧತಿಯ ವಿರುದ್ಧ ಕೋರ್ಟಿಗೆ ಹೋದವು.

ಅಪಾಯಕ್ಕೆ ತಕ್ಕ ಬೆಲೆ ಎಂಬ ತತ್ವ ಕಾಗದದ ಮೇಲೆ ಸರಿ. ಪೂರ್ವ ಕೆಂಟಕಿಯ ಕುಟುಂಬದ ಆದಾಯ ದೇಶದ ಮಧ್ಯಮ ಆದಾಯದ ಅರ್ಧದ ಆಸುಪಾಸಿನಲ್ಲಿದೆ. ಅಲ್ಲಿ ವರ್ಷಕ್ಕೆ ಸಾವಿರ ಡಾಲರ್ ಕಂತು ಎಂದರೆ ಕಾರಿನ ರಿಪೇರಿ, ಚಳಿಗಾಲದ ಕರೆಂಟ್ ಬಿಲ್ಲುಗಳ ಜೊತೆ ಸ್ಪರ್ಧಿಸಬೇಕಾದ ಮೊತ್ತ. ಬಡವರಿಗೆ ಆದಾಯ ನೋಡಿ ರಿಯಾಯಿತಿ ಕೊಡುವ ಬಗೆಗಳನ್ನು ಫೆಮಾ 2018ರಲ್ಲೇ ಸಂಸತ್ತಿನ ಮುಂದಿಟ್ಟಿತ್ತು. ಕಾನೂನು ಆಗಲಿಲ್ಲ. ಕಾರ್ಯಕ್ರಮದ ಖಜಾನೆಯೂ ಬರಿದಾಗಿದೆ: 2017ರಲ್ಲಿ ಸಂಸತ್ತು 1,600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದ ಮೇಲೂ 2,000 ಕೋಟಿ ಡಾಲರಿಗೂ ಮಿಕ್ಕಿ ಸಾಲ ಉಳಿದಿದೆ, ಅದಕ್ಕೆ ಬಡ್ಡಿ ಬೇರೆ.

‘ಏನಾದರೂ ಆದರೆ ಸರ್ಕಾರ ಕೊಡುತ್ತದಲ್ಲ’ ಎಂಬ ಮಾತು ಎಲ್ಲ ದೇಶಗಳಲ್ಲೂ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಗಳಲ್ಲಿ ಮನೆಗಳು ಬಿದ್ದಾಗ ಕರ್ನಾಟಕ ಸರ್ಕಾರ ಪೂರ್ತಿ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅಮೆರಿಕದಲ್ಲೂ ಪರಿಹಾರವಿದೆ. 2022ರಲ್ಲಿ ಫೆಮಾ ಮನೆಗಾಗಿ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 37,900 ಡಾಲರ್. ಗರಿಷ್ಠ ಮೊತ್ತ ಸಿಕ್ಕವರು ಕಡಿಮೆ, ಸಿಕ್ಕರೂ ಅದರಲ್ಲಿ ಹೊಸ ಮನೆ ಏಳದು. ಮನೆಯನ್ನು ಮತ್ತೆ ವಾಸಯೋಗ್ಯ ಮಾಡಿಕೊಳ್ಳುವುದಷ್ಟೇ ಆ ಹಣದ ಉದ್ದೇಶ, ಕಳೆದದ್ದನ್ನೆಲ್ಲ ತುಂಬಿಕೊಡುವುದಲ್ಲ. ಮನೆ ತನ್ನದೆಂದು ತೋರಿಸುವ ಕಾಗದವೇ ಇಲ್ಲದ ಪಿತ್ರಾರ್ಜಿತ ಮನೆಗಳವರನ್ನು ಮೊದಲೆಲ್ಲ ಬರಿಗೈಯಲ್ಲಿ ಕಳಿಸುತ್ತಿದ್ದರು. 2021ರ ಸೆಪ್ಟೆಂಬರ್‌ನಿಂದ ಸ್ವಯಂ ಘೋಷಣೆಯನ್ನು ಒಪ್ಪುವ ನಿಯಮ ಬಂದಿದೆ.

ನೆರೆ ಇಳಿದ ಮೇಲೆ ಕೌಂಟಿಯ ಕಚೇರಿಗೆ ನಿಜವಾದ ಪರೀಕ್ಷೆ. ವಲಯದೊಳಗಿನ ಮನೆಗೆ ಅದರ ಬೆಲೆಯ ಅರ್ಧ ಅಥವಾ ಹೆಚ್ಚು ಹಾನಿಯಾಗಿದ್ದರೆ ಹಳೆಯ ಮಟ್ಟದಲ್ಲಿ ರಿಪೇರಿ ಮಾಡುವಂತಿಲ್ಲ. ಇಡೀ ಮನೆಯನ್ನು ನೆರೆಮಟ್ಟಕ್ಕಿಂತ ಮೇಲೆತ್ತಬೇಕು ಅಥವಾ ಬೇರೆಡೆ ಕಟ್ಟಬೇಕು. ವಿಮೆಯಿದ್ದವರಿಗೆ ಇದಕ್ಕೆಂದೇ 30,000 ಡಾಲರ್‌ವರೆಗೆ ಹೆಚ್ಚುವರಿ ಸಿಗುತ್ತದೆ, ಇಲ್ಲದವರಿಗೆ ನಿಯಮ ಮಾತ್ರ ಸಿಗುತ್ತದೆ. ಈ ಅರ್ಧವನ್ನು ಅಳೆದು ಹೇಳಬೇಕಾದವನು ಬಹಳಷ್ಟು ಕೌಂಟಿಗಳಲ್ಲಿ ಇನ್ನೂ ನಾಲ್ಕು ಕೆಲಸ ಮೈಮೇಲೆ ಹಾಕಿಕೊಂಡ ಒಬ್ಬ ನೌಕರ. ಅಳೆಯಬೇಕಾದ ಮನೆ ಅವನ ಚಿಕ್ಕಪ್ಪನದೋ ಸಹಪಾಠಿಯದೋ ಆಗಿರುವುದು ಸಣ್ಣ ಊರಿನಲ್ಲಿ ಸಹಜ. ನಲವತ್ತೊಂಬತ್ತು ಎಂದು ಬರೆಯುವ ಆಸೆ ಯಾರಿಗೆ ಹುಟ್ಟುವುದಿಲ್ಲ? ಕನಿಷ್ಠ ನಿಯಮಕ್ಕಿಂತ ಹೆಚ್ಚು ಮುನ್ನೆಚ್ಚರಿಕೆ ವಹಿಸುವ ಊರುಗಳ ಜನರಿಗೆ ಕಂತಿನಲ್ಲಿ ನೂರಕ್ಕೆ 45ರವರೆಗೆ ರಿಯಾಯಿತಿ ಕೊಡುವ ವ್ಯವಸ್ಥೆ 1990ರಿಂದ ಇದೆ. ಕಾರ್ಯಕ್ರಮದಲ್ಲಿರುವ 22 ಸಾವಿರಕ್ಕೂ ಹೆಚ್ಚು ಊರು, ಕೌಂಟಿಗಳ ಪೈಕಿ ಇದರಲ್ಲಿ ಸೇರಿರುವುದು ಸುಮಾರು 1,500. ದಾಖಲೆ ಬರೆದು ಕಳಿಸಲು ಸಿಬ್ಬಂದಿ ಇರುವ ಕಡೆಗೇ ರಿಯಾಯಿತಿಯೂ ಹರಿಯುತ್ತದೆ.

ಹಾಗಾದರೆ ಜಾಗವನ್ನೇ ಬಿಡುವುದು? ಬಿಟ್ಟ ಊರುಗಳಿವೆ. ವಿಸ್ಕಾನ್ಸಿನ್‌ನ ಕಿಕಾಪೂ ನದಿಯಂಚಿನ ಸೋಲ್ಜರ್ಸ್ ಗ್ರೋವ್‌ಗೆ ಸೇನೆಯ ಎಂಜಿನಿಯರುಗಳು ಒಡ್ಡು ಕಟ್ಟುತ್ತೇವೆಂದಾಗ, ಒಡ್ಡಿನ ಖರ್ಚು ಅದು ಉಳಿಸುವ ಆಸ್ತಿಯ ಬೆಲೆಗಿಂತ ಹೆಚ್ಚೆಂದು ಊರವರು ಲೆಕ್ಕ ಹಾಕಿದರು. 1978ರ ನೆರೆಯ ನಂತರ ತಮ್ಮ ಪೇಟೆಯನ್ನೇ ಎತ್ತರಕ್ಕೆ ಸಾಗಿಸಿ, ಹೊಸ ಅಂಗಡಿಗಳಿಗೆ ಸೂರ್ಯನ ಶಾಖವನ್ನೇ ಬಳಸಿಕೊಂಡರು. 1993ರಲ್ಲಿ ಮುಳುಗಿದ ಇಲಿನಾಯ್‌ನ ವಾಲ್‌ಮೇಯರ್, ಸುಮಾರು 900 ಜನರ ಊರು, ಎರಡು ಮೈಲಿ ಆಚೆಯ ದಿಬ್ಬಕ್ಕೆ ಹೋಯಿತು, ಎಲ್ಲರೂ ಹೋಗಲಿಲ್ಲ. ಕೆಂಟಕಿಯದೇ ಪೈಕ್‌ವಿಲ್ ತಿರುಗಾಮುರುಗಾ ಮಾಡಿತು, ಊರನ್ನು ಬಿಟ್ಟು ನದಿಯನ್ನು ಸರಿಸಿತು. 1973ರಿಂದ 1987ರವರೆಗೆ ಗುಡ್ಡ ಸೀಳಿ ನದಿ, ರಸ್ತೆ, ರೈಲುಹಳಿಗಳನ್ನು ಅದರೊಳಗೆ ಹಾಯಿಸಿದರು, ಖರ್ಚು 7 ಕೋಟಿ ಡಾಲರಿಗೂ ಹೆಚ್ಚು. ಒಂದು ಪಟ್ಟಣಕ್ಕೆ ಒಮ್ಮೆ ಇದು ಸಾಧ್ಯ. ನೂರಾರು ಸಂದುಕಣಿವೆಗಳಿಗೆ ಸಾಧ್ಯವಿಲ್ಲ.

ಸರ್ಕಾರವೇ ಮನೆ ಕೊಂಡು ಕೆಡವಿ ಜಾಗವನ್ನು ಶಾಶ್ವತವಾಗಿ ಖಾಲಿ ಬಿಡುವ ಕ್ರಮವೂ ಇದೆ. ಒಂದು ಅಧ್ಯಯನದ ಪ್ರಕಾರ ಅದಕ್ಕೆ ಹಿಡಿಯುವ ಸಮಯ ಐದು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಕುಟುಂಬ ಸಾಲ ಮಾಡಿ ಅದೇ ಗೋಡೆಗೆ ಸುಣ್ಣ ಬಳಿದಿರುತ್ತದೆ. ಕೌಂಟಿಗೂ ಮನಸ್ಸಿಲ್ಲ, ಏಕೆಂದರೆ ಕೆಡವಿದ ಪ್ರತಿ ಮನೆಯೂ ತೆರಿಗೆಯ ಪಟ್ಟಿಯಿಂದ ಹೋಗುತ್ತದೆ.

ಪೂರ್ವ ಕೆಂಟಕಿಯಲ್ಲಿ ಎತ್ತರದ ಸಪಾಟು ನೆಲ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಗಣಿ ಕಂಪನಿಗಳು ಕಲ್ಲಿದ್ದಲಿಗಾಗಿ ತಲೆ ಕತ್ತರಿಸಿ ಬಿಟ್ಟ ಬೆಟ್ಟಗಳು. ಮರ ಹೋಗಿ, ಮಣ್ಣು ಗಟ್ಟಿಯಾಗಿ, ಮಳೆ ಇಂಗದೆ ಕೆಳಕ್ಕೆ ಧಾವಿಸುವಂತೆ ಮಾಡಿದ್ದರಲ್ಲಿ ಇಂಥ ಗಣಿಗಳ ಪಾಲೂ ಇದೆ ಎಂಬುದು ಅಲ್ಲಿನವರ ಹಳೆಯ ದೂರು. ಈಗ ಗವರ್ನರ್ ಆಂಡಿ ಬೆಷಿಯರ್ ಸರ್ಕಾರ ನಾಟ್, ಪೆರಿ, ಲೆಚರ್, ಫ್ಲಾಯ್ಡ್ ಕೌಂಟಿಗಳಲ್ಲಿ ಏಳು ಎತ್ತರದ ಬಡಾವಣೆಗಳನ್ನು ಕಟ್ಟುತ್ತಿದೆ, ಅವುಗಳಲ್ಲಿ ಹಲವು ಗಣಿ ನೆಲದ ಮೇಲೆಯೇ. ಮನೆ ಸಿಕ್ಕವರು ಮಳೆಯ ರಾತ್ರಿ ನಿದ್ದೆ ಮಾಡಬಲ್ಲರು. ಕಣಿವೆಯಲ್ಲಿ ಉಳಿದವರ ಸಂಖ್ಯೆ ಇವರಿಗಿಂತ ಎಷ್ಟೋ ಪಟ್ಟು ಹೆಚ್ಚು. 2025ರ ಫೆಬ್ರವರಿಯಲ್ಲಿ ಅವರತ್ತ ಮತ್ತೆ ನೀರು ಬಂತು.

ಇನ್ನೊಂದು ಕರಾರು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಅಪಾಯದ ವಲಯದಲ್ಲಿದ್ದು, ವಿಮೆಯಿಲ್ಲದೆ ಫೆಮಾದ ನೆರವು ಪಡೆದ ಕುಟುಂಬಗಳಿಗೆ ಆ ಸಂಸ್ಥೆಯೇ ಸಾಮೂಹಿಕ ಪಾಲಿಸಿಯೊಂದನ್ನು ಮಾಡಿಸಿಕೊಡುತ್ತದೆ. ವಿಪತ್ತು ಘೋಷಣೆಯಾದ 60 ದಿನಗಳ ನಂತರ ಶುರುವಾಗಿ ಅದು 36 ತಿಂಗಳು ಇರುತ್ತದೆ. ಅದು ಮುಗಿದ ಮೇಲೆ ಮನೆಯವರೇ ವಿಮೆ ಮುಂದುವರಿಸಬೇಕು. ಬಿಟ್ಟರೆ ಮುಂದಿನ ನೆರೆಗೆ ಮನೆ, ಸಾಮಾನುಗಳ ಹಾನಿಗೆ ಕೇಂದ್ರದ ನೆರವಿಲ್ಲ. ಕೆಂಟಕಿಯ ವಿಪತ್ತು ಘೋಷಣೆಯಾದದ್ದು 2022ರ ಜುಲೈ 29ರಂದು. ಆ ಲೆಕ್ಕದಲ್ಲಿ ಸಾಮೂಹಿಕ ಪಾಲಿಸಿಗಳ ಅವಧಿ ತೀರಿದ್ದು 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅದೇ ಸೆಪ್ಟೆಂಬರ್ 30ರಂದು ರಾಷ್ಟ್ರೀಯ ನೆರೆ ವಿಮಾ ಕಾರ್ಯಕ್ರಮಕ್ಕೆ ಸಂಸತ್ತು ಕೊಟ್ಟಿದ್ದ ಅಧಿಕಾರವೂ ಮುಗಿಯಿತು. ಸರ್ಕಾರದ ಕೆಲಸ ಸ್ಥಗಿತಗೊಂಡಿದ್ದರಿಂದ ನವೆಂಬರ್ 12ರವರೆಗೆ ಅದನ್ನು ಯಾರೂ ನವೀಕರಿಸಲಿಲ್ಲ, ಮತ್ತು ಆ ಆರು ವಾರ ಕಂತಿನ ದುಡ್ಡು ಹಿಡಿದುಕೊಂಡು ಏಜೆಂಟರ ಬಳಿ ಹೋದವರಿಗೂ ಕಾರ್ಯಕ್ರಮದಿಂದ ಹೊಸ ಪಾಲಿಸಿ ಸಿಗುವಂತಿರಲಿಲ್ಲ.